ಸರ್ ಮಿರ್ಜಾ ಇಸ್ಮಾಯಿಲ್ (1883–1959): ಜೀವನ ಹಾಗೂ ನಗರ ಸಂಚಾರ

ಚಿತ್ರದುರ್ಗ ಜಿಲ್ಲೆಯೂ ಒಳಗೊಂಡಿದ್ದ ಹಿಂದಿನ ಮೈಸೂರು ಸಂಸ್ಥಾನದ ದಿವಾನರಾಗಿ ಸರ್ ಮಿರ್ಜಾ ಇಸ್ಮಾಯಿಲ್ ಅವರು 1926ರಿಂದ 1941ರವರೆಗೆ ಸೇವೆ ಸಲ್ಲಿಸಿದರು. ಉದ್ಯಾನ, ವೃತ್ತ ಮತ್ತು ಕಾರಂಜಿಗಳ ನಿರ್ಮಾಪಕರೆಂದು ಅವರನ್ನು ಸ್ಮರಿಸುವುದು ರೂಢಿಯಲ್ಲಿದೆ. ನಗರದ ರಸ್ತೆಯು ಸಾರ್ವಜನಿಕರೆಲ್ಲರ ಸ್ವತ್ತು ಎಂಬ ಅವರ ಆಡಳಿತ ದೃಷ್ಟಿಯೂ ಅಷ್ಟೇ ಗಮನಾರ್ಹವಾದುದು.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಯುತರು 24-10-1883ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಅಜ್ಜ ಅಲಿ ಅಸ್ಕರ್ ಇರಾನಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುದುರೆ ವ್ಯಾಪಾರಿಗಳು. ಬಾಲ್ಯದಲ್ಲಿ ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದರು. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಪೊಲೀಸ್ ಇಲಾಖೆಗೆ ಸೇರಿದರು. 1908ರಲ್ಲಿ ಮಹಾರಾಜರ ಕಚೇರಿಗೆ ಬಂದು, ಅನಂತರ ಅವರ ಆಪ್ತ ಕಾರ್ಯದರ್ಶಿಗಳಾದರು.

ದಿವಾನರಾಗಿ

ಅಂದಿನ ಬೆಂಗಳೂರು ಚಿಕ್ಕ ನಗರ. 1941ರ ಜನಗಣತಿಯಲ್ಲಿಯೂ ಅದರ ಜನಸಂಖ್ಯೆ ಸುಮಾರು 4 ಲಕ್ಷ ಮಾತ್ರ. ಮೋಟಾರು ಕಾರು ಕೆಲವೇ ಶ್ರೀಮಂತರಲ್ಲಿತ್ತು. ಉಳಿದವರು ನಡಿಗೆ, ಸೈಕಲ್ ಮತ್ತು ಜಟಕಾ ಬಂಡಿಯನ್ನು ಅವಲಂಬಿಸಿದ್ದರು. ಬೀದಿಗಳ ಸ್ಥಿತಿಯನ್ನು ಸ್ವತಃ ಸಂಚರಿಸಿ ಪರಿಶೀಲಿಸುವುದು ದಿವಾನರ ಪದ್ಧತಿಯಾಗಿತ್ತು. ರಸ್ತೆ, ಬೀದಿದೀಪ, ಸಾಲುಮರ, ಉದ್ಯಾನ ಮತ್ತು ವೃತ್ತಗಳಿಗೆ ಅವರು ವಿಶೇಷ ಗಮನ ನೀಡಿದರು. 1935ರಲ್ಲಿ ಬೆಂಗಳೂರಿನ ಪುರಭವನ ಪೂರ್ಣಗೊಂಡಿತು. ಮರದ ನೆರಳು ಮತ್ತು ದೀಪದ ಬೆಳಕು ಕಾರಿನಲ್ಲಿ ಕುಳಿತವರಿಗಿಂತ ನಡೆದು ಹೋಗುವವರಿಗೆ ಹೆಚ್ಚು ಉಪಯುಕ್ತವೆಂಬುದನ್ನು ಇಲ್ಲಿ ಗಮನಿಸಬಹುದು.

ಅವರ ಅಧಿಕಾರಾವಧಿಯ ಕೊನೆಯ ಭಾಗದಲ್ಲಿ, 1940ರಲ್ಲಿ, ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಸ್ಥಾಪನೆಯಾಗಿ ನಗರದಲ್ಲಿ ಬಸ್ಸು ಸೇವೆ ಆರಂಭವಾಯಿತು. ಈ ಸೇವೆಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ಇದಕ್ಕೆ ಮೊದಲೇ, 12-09-1948ರಂದು, 120 ಬಸ್ಸುಗಳೊಡನೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಉದ್ಘಾಟನೆಗೊಂಡು, 01-08-1961ರಂದು ನಿಗಮವಾಯಿತು. ಇಂದಿನ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಮೂಲ ಇದೇ ಆಗಿದೆ.

ನಂತರದ ಜೀವನ

1942ರಿಂದ 1946ರವರೆಗೆ ಅವರು ಜೈಪುರ ಸಂಸ್ಥಾನದ ಆಡಳಿತ ನಡೆಸಿದರು. ಅಲ್ಲಿನ ವಿಶಾಲವಾದ ಮುಖ್ಯ ರಸ್ತೆ ಇಂದಿಗೂ ಅವರ ಹೆಸರನ್ನು ಹೊಂದಿದೆ. ತರುವಾಯ ಹೈದರಾಬಾದಿನಲ್ಲಿ ಅಲ್ಪಕಾಲ ಸೇವೆ ಸಲ್ಲಿಸಿದರು. 05-01-1959ರಂದು ನಿಧನ ಹೊಂದಿದರು.

ಇಂದಿನ ಪ್ರಸ್ತುತತೆ

ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಈಗ 1 ಕೋಟಿಯನ್ನು ಮೀರಿದೆ. ನಗರ ಸಾರಿಗೆ ಬಸ್ಸುಗಳಾದರೋ ಕೆಲವೇ ಸಾವಿರ. ಒಂದು ಬಸ್ಸು ರಸ್ತೆಯಲ್ಲಿ ಸುಮಾರು ಮೂರು ಕಾರುಗಳ ಸ್ಥಳವನ್ನು ಮಾತ್ರ ಆಕ್ರಮಿಸಿ, ಐವತ್ತು ಮಂದಿಯನ್ನು ಕೊಂಡೊಯ್ಯುತ್ತದೆ. ಅಷ್ಟೇ ಸ್ಥಳದ ಕಾರುಗಳಲ್ಲಿ ಬಹುಪಾಲು ನಾಲ್ಕೈದು ಮಂದಿ ಇರುತ್ತಾರೆ. ರಸ್ತೆಯ ಅಗಲ ನಿಗದಿತವಾಗಿರುವುದರಿಂದ ಒಬ್ಬರಿಗೆ ನೀಡಿದ ಸ್ಥಳವು ಮತ್ತೊಬ್ಬರಿಂದ ಕಳೆದ ಸ್ಥಳವೇ ಆಗಿರುತ್ತದೆ. ಇದು ಸರಳ ಲೆಕ್ಕ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ನೀಡಿದೆ. ಇದೇ ಆಶಯದಿಂದ 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಸಾರ್ವಜನಿಕ ಸೈಕಲ್ ಯೋಜನೆ ಪ್ರಾರಂಭವಾಯಿತು.

ಈ ಪ್ರಶ್ನೆ ಮಹಾನಗರಗಳಿಗೆ ಸೀಮಿತವಾದುದಲ್ಲ. ರಾಷ್ಟ್ರೀಯ ಹೆದ್ದಾರಿ ಬದಿಯ ಭರಮಸಾಗರದಿಂದ ಚಿತ್ರದುರ್ಗಕ್ಕೂ ದಾವಣಗೆರೆಗೂ ಹೋಗುವ ವಿದ್ಯಾರ್ಥಿಗೆ ಬಸ್ಸು ತಪ್ಪಿದರೆ ಆ ದಿನದ ಪಾಠವೇ ತಪ್ಪುತ್ತದೆ. ಹೊಲದಿಂದ ಸೈಕಲ್ಲಿನಲ್ಲಿ ಮರಳುವ ರೈತನಿಗೆ ವೇಗದ ಕಾರುಗಳ ನಡುವೆ ರಸ್ತೆ ದಾಟುವುದು ಪ್ರಾಣದ ಪ್ರಶ್ನೆ. ಕಾರು ಹೊಂದಿರುವವರ ಅನುಕೂಲದಷ್ಟೇ ಇವರ ಸುರಕ್ಷತೆಯೂ ಆಡಳಿತದ ಹೊಣೆಯಾಗಿದೆ.

ಸಾರ್ವಜನಿಕರ ಗಮನಕ್ಕೆ

ವಿದ್ಯಾರ್ಥಿಗಳು ರಿಯಾಯಿತಿ ಬಸ್ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು. ರಾಜ್ಯದ ಮಹಿಳೆಯರಿಗೆ 11-06-2023ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದ್ದು, ಗುರುತಿನ ಚೀಟಿ ತೋರಿಸತಕ್ಕದ್ದು. ಚಾಲನಾ ಪರವಾನಗಿಗೆ ಅರ್ಜಿ ಸಲ್ಲಿಸುವವರು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ರಸ್ತೆಯಲ್ಲಿ ಸಮಾನ ಹಕ್ಕಿದೆ ಎಂಬುದನ್ನು ನೆನಪಿನಲ್ಲಿಡಬೇಕೆಂದು ಕೋರಲಾಗಿದೆ.