ಕೆಲಸಕ್ಕೆ ಆಗಲ್ಲ ಅಂದ ಇಲಾಖೆಗೇ ಮುಖ್ಯಸ್ಥರಾದ ಎಡ್ ರಾಬರ್ಟ್ಸ್

ಈ ಸಲದ ವ್ಯಕ್ತಿ ಪರಿಚಯಕ್ಕೆ ನಾವು ಆರಿಸಿಕೊಂಡಿರೋರು ಇಂಜಿನಿಯರ್ ಅಲ್ಲ, ವಿಜ್ಞಾನಿನೂ ಅಲ್ಲ. ಪೊಲಿಟಿಕಲ್ ಸೈನ್ಸ್ ಓದಿದ ಅಮೆರಿಕದ ಎಡ್ ರಾಬರ್ಟ್ಸ್. ಕೈಯ ಎರಡು ಬೆರಳು, ಕಾಲಿನ ಕೆಲವು ಬೆರಳು ಬಿಟ್ಟರೆ ಕುತ್ತಿಗೆಯಿಂದ ಕೆಳಗೆ ಅವರ ದೇಹ ಅಲ್ಲಾಡುತ್ತಿರಲಿಲ್ಲ. ಇವರನ್ನೇ ಯಾಕೆ ಆರಿಸಿಕೊಂಡ್ವಿ ಅನ್ನೋದನ್ನ ಕೊನೆಗೆ ಹೇಳ್ತೀವಿ.

ಎಡ್ ಹುಟ್ಟಿದ್ದು 1939ರ ಜನವರಿ 23ರಂದು, ಕ್ಯಾಲಿಫೋರ್ನಿಯಾದಲ್ಲಿ. ಆಟ ಅಂದ್ರೆ ಪ್ರಾಣ ಬಿಡೋ ಹುಡುಗ. 1953ರಲ್ಲಿ, 14ನೇ ವಯಸ್ಸಿಗೆ, ಪೋಲಿಯೊ ಬಂತು. ಪೋಲಿಯೊಗೆ ಸಾಕ್ ಲಸಿಕೆ ಸಿಕ್ಕಿದ್ದು 1955ರಲ್ಲಿ. ಎರಡೇ ವರ್ಷದ ಅಂತರದಲ್ಲಿ ಅವನ ಬದುಕು ಪೂರ್ತಿ ಬದಲಾಯ್ತು.

ಉಸಿರಾಡೋ ಸ್ನಾಯುಗಳೂ ಸೋತಿದ್ದರಿಂದ ಅವನನ್ನ ಐರನ್ ಲಂಗ್ ಒಳಗೆ ಮಲಗಿಸಿದರು. ಇದು ಒಂದು ದೊಡ್ಡ ಲೋಹದ ಸಿಲಿಂಡರ್. ತಲೆ ಮಾತ್ರ ಹೊರಗೆ, ಉಳಿದ ದೇಹ ಒಳಗೆ. ಒಳಗಿನ ಗಾಳಿಯ ಒತ್ತಡ ಇಳಿಸಿದರೆ ಎದೆ ಹಿಗ್ಗಿ ಉಸಿರು ಒಳಗೆ ಬರುತ್ತೆ, ಒತ್ತಡ ಏರಿಸಿದರೆ ಹೊರಗೆ ಹೋಗುತ್ತೆ. ಅಷ್ಟೇ ಮೆಕ್ಯಾನಿಸಂ. ಎಡ್ ಆಮೇಲೆ ಜೀವನಪೂರ್ತಿ ಒಂದಲ್ಲ ಒಂದು ರೀತಿಯ ಉಸಿರಾಟದ ಯಂತ್ರವನ್ನ ಬಳಸಬೇಕಾಯ್ತು. ಹಗಲಲ್ಲಿ ಸ್ವಲ್ಪ ಹೊತ್ತು ಯಂತ್ರದಿಂದ ಹೊರಗೆ ಇರೋಕೆ, ಗಾಳಿಯನ್ನ ಬಾಯಲ್ಲಿ ಗುಟುಕು ಗುಟುಕಾಗಿ ನುಂಗೋ ಒಂದು ವಿಧಾನ ಕಲಿತರು. ಕಪ್ಪೆ ಉಸಿರಾಟ ಅಂತ ಅದಕ್ಕೆ ಹೆಸರು.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರ್, ಈ ಹುಡುಗ ಉಳಿದರೂ ತರಕಾರಿ ಥರ ಬಿದ್ದಿರ್ತಾನೆ ಅನ್ನೋ ಅರ್ಥದಲ್ಲಿ ಅವನ ತಾಯಿಗೆ ಹೇಳಿದ್ದು ಎಡ್ ಕಿವಿಗೆ ಬಿತ್ತು. ಅವನು ಊಟ ಬಿಟ್ಟ. ತೂಕ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಮೇಲೆ ಒಂದು ದಿನ ಬದುಕಬೇಕು ಅಂತ ತಾನೇ ನಿರ್ಧಾರ ಮಾಡಿ ತಿನ್ನೋಕೆ ಶುರು ಮಾಡಿದ. ದೊಡ್ಡವರಾದ ಮೇಲೆ ಎಡ್ ಇದನ್ನ ತಮಾಷೆಯಾಗಿ ಹೇಳ್ತಿದ್ರಂತೆ: ತರಕಾರಿನೇ ಆಗಬೇಕು ಅಂದ್ರೆ ಆರ್ಟಿಚೋಕ್ ಆಗ್ತೀನಿ, ಹೊರಗೆ ಮುಳ್ಳು, ಒಳಗೆ ಮೃದು. ನಮ್ಮೂರಲ್ಲಿ ಆಗಿದ್ರೆ ಹಲಸಿನ ಹಣ್ಣು ಅಂತಿದ್ರೇನೋ.

ಮೊದಲು ಫೋನ್ ಲೈನ್ ಮೂಲಕ ಮನೆಯಿಂದಲೇ ಶಾಲೆಯ ಪಾಠ. ನಮ್ಮ ಆನ್‌ಲೈನ್ ಕ್ಲಾಸ್‌ಗಿಂತ ಎಷ್ಟೋ ದಶಕ ಮೊದಲು! ತಾಯಿ ಜೋನಾ ಅವನನ್ನ ಮನೆಯಲ್ಲೇ ಕೂರೋಕೆ ಬಿಡಲಿಲ್ಲ. ವಾರಕ್ಕೊಮ್ಮೆ ಶಾಲೆಗೆ ಕರ್ಕೊಂಡು ಹೋದರು. ಎಲ್ಲರೂ ಅವನನ್ನೇ ನೋಡ್ತಿದ್ರು. ಜನ ಸ್ಟಾರ್‌ಗಳನ್ನೂ ಹೀಗೇ ನೋಡ್ತಾರಲ್ವಾ ಅಂತ ಅವನು ಸಮಾಧಾನ ಮಾಡ್ಕೊಂಡ. ಕೊನೆಗೆ ಹೈಸ್ಕೂಲ್ ಡಿಪ್ಲೊಮಾ ಕೊಡೋಕೆ ಅಧಿಕಾರಿಗಳು ತಕರಾರು ಮಾಡಿದ್ರು. ಕಾರಣ ಏನ್ ಗೊತ್ತಾ? ಪಿಟಿ ಮತ್ತು ಡ್ರೈವಿಂಗ್ ಕ್ಲಾಸ್ ಮಾಡಿಲ್ಲ ಅಂತ. ಅಟೆಂಡೆನ್ಸ್ ಶಾರ್ಟೇಜ್ ಬಗ್ಗೆ ನಾವು ದೂರೋದು ಇದರ ಮುಂದೆ ಏನೂ ಅಲ್ಲ. ತಾಯಿ ಮಗ ಸೇರಿ ಹೋರಾಡಿ ಡಿಪ್ಲೊಮಾ ತಗೊಂಡ್ರು.

ಅಸಲಿ ಕಥೆ ಶುರುವಾಗೋದು 1962ರಲ್ಲಿ. ಎಡ್‌ಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದೋ ಆಸೆ. ಅಂಗವಿಕಲರಿಗೆ ಓದು, ತರಬೇತಿಗೆ ಹಣ ಕೊಟ್ಟು ಕೆಲಸಕ್ಕೆ ಸಿದ್ಧ ಮಾಡೋದೇ ಆ ರಾಜ್ಯದ ಪುನರ್ವಸತಿ ಇಲಾಖೆಯ ಕೆಲಸ. ಎಡ್ ಅರ್ಜಿ ಹಾಕಿದರು. ಇವರಿಗೆ ವೈಕಲ್ಯ ತುಂಬಾ ಜಾಸ್ತಿ, ಮುಂದೆ ಯಾವ ಕೆಲಸಾನೂ ಮಾಡೋಕಾಗಲ್ಲ, ಹಾಗಾಗಿ ಹಣ ಇಲ್ಲ ಅಂತ ಇಲಾಖೆ ಕೈ ಎತ್ತಿತು.

ಈ ಲಾಜಿಕ್ ಸ್ವಲ್ಪ ನೋಡಿ. ಓದದೆ ಕೆಲಸ ಸಿಗಲ್ಲ. ಹಣ ಇಲ್ಲದೆ ಓದೋಕಾಗಲ್ಲ. ಕೆಲಸ ಸಿಗುತ್ತೆ ಅನ್ನೋ ನಂಬಿಕೆ ಇಲ್ಲದೆ ಇಲಾಖೆ ಹಣ ಕೊಡಲ್ಲ. ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಇದಕ್ಕೆ ಡೆಡ್‌ಲಾಕ್ ಅಂತೀವಿ. ಯಾರಿಗೆ ಸಹಾಯ ಹೆಚ್ಚು ಬೇಕೋ ಅವರಿಗೇ ಸಹಾಯ ಇಲ್ಲ! ವಿಷಯ ಪತ್ರಿಕೆಗಳಲ್ಲಿ ಬಂದಮೇಲೆ ಇಲಾಖೆ ಮಣಿಯಿತು.

ಇನ್ನೊಂದು ಸಮಸ್ಯೆ ಹಾಸ್ಟೆಲ್. ಸುಮಾರು 360 ಕೆ.ಜಿ. ತೂಕದ ಐರನ್ ಲಂಗ್ ಇಡೋಕೆ ಅಲ್ಲಿ ವ್ಯವಸ್ಥೆ ಇರಲಿಲ್ಲ. ಕೊನೆಗೆ ಕ್ಯಾಂಪಸ್‌ನ ಕೋವೆಲ್ ಆಸ್ಪತ್ರೆಯಲ್ಲಿ ಜಾಗ ಸಿಕ್ತು. ಎಡ್ ಒಂದು ಷರತ್ತು ಹಾಕಿದ್ರು: ತಾನು ಅಲ್ಲಿ ರೋಗಿಯಾಗಿ ಇರಲ್ಲ, ಅದು ತನ್ನ ಹಾಸ್ಟೆಲ್ ರೂಮ್ ಥರ ಇರಬೇಕು. ಇವರನ್ನ ನೋಡಿ ಗಾಲಿಕುರ್ಚಿ ಬಳಸೋ ಬೇರೆ ವಿದ್ಯಾರ್ಥಿಗಳೂ ಬಂದ್ರು. ರೋಲಿಂಗ್ ಕ್ವಾಡ್ಸ್ ಅಂತ ಒಂದು ಗ್ಯಾಂಗ್ ಕಟ್ಟಿಕೊಂಡ್ರು. ತಮ್ಮ ಸಹಾಯಕರನ್ನ ಆಸ್ಪತ್ರೆ ನೇಮಿಸೋದಲ್ಲ, ತಾವೇ ಆರಿಸ್ತೀವಿ, ಸರಿ ಹೋಗದಿದ್ರೆ ತಾವೇ ಬದಲಾಯಿಸ್ತೀವಿ ಅನ್ನೋದು ಅವರ ಪಟ್ಟು. ಸರ್ಕಾರದ ನೆರವು ಭಿಕ್ಷೆ ಆಗಬಾರದು, ಅದನ್ನ ಹೇಗೆ ಬಳಸಬೇಕು ಅನ್ನೋ ತೀರ್ಮಾನ ಪಡೆಯುವವರ ಕೈಯಲ್ಲಿ ಇರಬೇಕು ಅನ್ನೋ ವಿಚಾರ ಅಲ್ಲಿ ಬೆಳೆಯಿತು.

ಎಡ್ 1964ರಲ್ಲಿ ಪದವಿ, 1966ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಈ ಗೆಳೆಯರ ಪ್ರಯತ್ನದಿಂದ 1970ರಲ್ಲಿ ಬರ್ಕ್ಲಿಯಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗಾಗಿಯೇ ಒಂದು ವಿಭಾಗ ಶುರುವಾಯ್ತು. ಗಾಲಿಕುರ್ಚಿ ರಿಪೇರಿ, ಸಹಾಯಕರನ್ನ ಹುಡುಕೋದು, ಬಾಡಿಗೆ ಮನೆ, ಸರ್ಕಾರಿ ಸೌಲಭ್ಯಗಳ ಮಾಹಿತಿ, ಎಲ್ಲಾ ಒಂದೇ ಕಡೆ. ಕ್ಯಾಂಪಸ್ ಹೊರಗಿನವರಿಗೂ ಇದು ಸಿಗಲಿ ಅಂತ 1972ರಲ್ಲಿ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್ ಹುಟ್ಟಿತು. ಮುಂದೆ ಎಡ್ ಅದರ ನಿರ್ದೇಶಕರಾದರು.

ಅದಾದ ಕೆಲವೇ ವರ್ಷಗಳಲ್ಲಿ, 1970ರ ದಶಕದ ಮಧ್ಯದಲ್ಲಿ, ಗವರ್ನರ್ ಜೆರ್ರಿ ಬ್ರೌನ್ ಎಡ್ ಅವರನ್ನ ಒಂದು ಸರ್ಕಾರಿ ಹುದ್ದೆಗೆ ನೇಮಿಸಿದರು. ಯಾವುದು ಅಂತೀರಾ? ಕ್ಯಾಲಿಫೋರ್ನಿಯಾ ಪುನರ್ವಸತಿ ಇಲಾಖೆಯ ನಿರ್ದೇಶಕ! ಇವರಿಗೆ ಕೆಲಸ ಮಾಡೋಕಾಗಲ್ಲ ಅಂದಿದ್ದ ಅದೇ ಇಲಾಖೆ. 1983ರವರೆಗೆ ಅದನ್ನ ನಡೆಸಿದ್ರು. ಬರ್ಕ್ಲಿಯ ಮಾದರಿಯ ಕೇಂದ್ರಗಳು ರಾಜ್ಯದ ಬೇರೆ ಊರುಗಳಲ್ಲೂ ಶುರುವಾದವು.

ಅಮೆರಿಕದ 1973ರ ಕಾನೂನಿನಲ್ಲಿ 504ನೇ ಸೆಕ್ಷನ್ ಅಂತ ಒಂದಿತ್ತು. ಕೇಂದ್ರ ಸರ್ಕಾರದ ಹಣ ಪಡೆಯೋ ಯಾವ ಸಂಸ್ಥೆಯೂ ವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ. ಆದರೆ ಅದರ ನಿಯಮಗಳಿಗೆ ಸಹಿನೇ ಬಿದ್ದಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಹೆಚ್ಚು ಧರಣಿ ಕೂತ್ರು. ಜೂಡಿ ಹ್ಯೂಮನ್ ಅದರ ಮುಂದಾಳು. ಎಡ್ ತಾವೇ ಅಧಿಕಾರಿಯಾಗಿದ್ದರೂ ಧರಣಿಯ ಪರ ನಿಂತ್ರು. ಏಪ್ರಿಲ್ 28ಕ್ಕೆ ಸಹಿ ಬಿತ್ತು. ಖಾಸಗಿ ಕಂಪನಿಗಳ ಕೆಲಸಕ್ಕೂ ಈ ರಕ್ಷಣೆ ಸಿಕ್ಕಿದ್ದು 1990ರ ಕಾಯ್ದೆಯಿಂದ. ಎಡ್ 1995ರ ಮಾರ್ಚ್ 14ರಂದು, 56ನೇ ವಯಸ್ಸಿಗೆ ತೀರಿಕೊಂಡರು. ಅವರ ಗಾಲಿಕುರ್ಚಿ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ.

ನಮ್ಮ ದೇಶದಲ್ಲಿ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನ ಗುರುತಿಸುತ್ತೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಇರುವವರಿಗೆ ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಮೀಸಲಾತಿ ಇದೆ. ಅಗತ್ಯವಾದ ಸೂಕ್ತ ಅನುಕೂಲ ಮಾಡಿಕೊಡದೇ ಇರೋದೂ ತಾರತಮ್ಯವೇ ಅಂತ ಅದು ಹೇಳುತ್ತೆ.

ಈಗ ನಮ್ಮ ಕಾರಣ. ಹೋದ ವರ್ಷ ರಾಜ್ಯೋತ್ಸವದ ನಾಟಕಕ್ಕೆ ನಮ್ಮ ಕ್ಲಬ್ ಪಾತ್ರಗಳನ್ನ ಹಂಚುವಾಗ, ಊರುಗೋಲು ಹಿಡಿದು ನಡೆಯೋ ಒಬ್ಬ ಗೆಳೆಯನ ಹೆಸರು ಬಿಟ್ಟುಬಿಟ್ವಿ. ರಿಹರ್ಸಲ್ ಮೂರನೇ ಮಹಡಿ, ಪಾಪ ಅವನಿಗ್ಯಾಕೆ ತೊಂದ್ರೆ ಅಂತ. ಅವನು ಡೈಲಾಗ್ ಆಗಲೇ ಬಾಯಿಪಾಠ ಮಾಡಿಕೊಂಡಿದ್ದ ಅಂತ ಕಾರ್ಯಕ್ರಮ ಮುಗಿದ ಮೇಲೆ ಗೊತ್ತಾಯ್ತು. ರಿಹರ್ಸಲ್‌ನ ಕೆಳಗಿನ ಕ್ಲಾಸ್‌ರೂಮ್‌ಗೆ ಬದಲಾಯಿಸೋಕೆ ನಮಗೆ ಐದು ನಿಮಿಷ ಸಾಕಿತ್ತು. ಎಡ್ ಅರ್ಜಿ ನೋಡಿದ ಇಲಾಖೆಗೂ ನಮಗೂ ಅವತ್ತು ಏನು ವ್ಯತ್ಯಾಸ ಇತ್ತು? ಅವರೂ ಕೆಟ್ಟವರಾಗಿ ಇರಲಿಲ್ಲವೇನೋ. ಅವನ ಪರವಾಗಿ ತಾವೇ ತೀರ್ಮಾನ ಮಾಡಿದ್ರು, ಅಷ್ಟೇ. ನಾವೂ ಅದನ್ನೇ ಮಾಡಿದ್ವಿ.

ಅವನ ಹತ್ರ ಕ್ಷಮೆ ಕೇಳಿದ್ದೀವಿ. ಈ ವರ್ಷದ ರಿಹರ್ಸಲ್ ನೆಲಮಹಡಿಯಲ್ಲೇ. ಪಾತ್ರ ಯಾವುದು ಬೇಕು ಅಂತ ಈ ಸಲ ಮೊದಲು ಅವನನ್ನೇ ಕೇಳಿದ್ವಿ. ವಿಲನ್ ಬೇಕಂತೆ.