ಕಲ್ಲು ಓದಿದ ಮನುಷ್ಯ: ರಾಬರ್ಟ್ ಬ್ರೂಸ್ ಫೂಟ್

ನಮ್ಮ ಮನೆಗಳಲ್ಲಿ ಚಿನ್ನದ ಮಾತು ಬರುವುದು ಮದುವೆಯ ಸಮಯದಲ್ಲಿ, ಇಲ್ಲವೆ ರಂಜಾನ್ ತಿಂಗಳಲ್ಲಿ ಜಕಾತ್ ಲೆಕ್ಕ ಹಾಕುವಾಗ. ಅದು ಎಂಥ ಕಲ್ಲಿನಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ವಾಣಿಜ್ಯ ವಿದ್ಯಾರ್ಥಿ, ಭೂವಿಜ್ಞಾನ ನನ್ನ ವಿಷಯವಲ್ಲ. ಆದರೆ ಕೋಲಾರದ ಗಣಿಗಳ ಬಗ್ಗೆ ಓದುವಾಗ ಒಂದು ಹೆಸರು ನನ್ನ ಗಮನ ಸೆಳೆಯಿತು. ಅವರನ್ನು ನಿಮಗೂ ಪರಿಚಯಿಸಬೇಕೆನಿಸಿತು.

ರಾಬರ್ಟ್ ಬ್ರೂಸ್ ಫೂಟ್ 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. 24ನೇ ವಯಸ್ಸಿನಲ್ಲಿ, 1858ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ದಕ್ಷಿಣ ಭಾರತದ ಬೆಟ್ಟ ಬಯಲುಗಳಲ್ಲಿ ತಿರುಗಿ, ಎಲ್ಲಿ ಯಾವ ಕಲ್ಲಿದೆ ಎಂದು ನಕ್ಷೆ ಮಾಡುವುದು ಅವರ ಕೆಲಸ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧ ಅವರಿಗೆ ಸಿಕ್ಕಿತು. ಅವರನ್ನು ಭಾರತೀಯ ಪ್ರಾಗಿತಿಹಾಸದ ಪಿತಾಮಹ ಎನ್ನುವುದು ಇದೇ ಕಾರಣಕ್ಕೆ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಅವರ ಇನ್ನೊಂದು ಕೆಲಸ. 1880ರ ಸುಮಾರಿಗೆ ವಯನಾಡಿನಲ್ಲಿ ಚಿನ್ನವಿದೆ ಎಂಬ ಸುದ್ದಿ ಹಬ್ಬಿತು. ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿ ಷೇರು ಮಾರಿದವು. ಬಂಡವಾಳ ಮೊದಲು ಬಂತು, ನೆಲದ ಪರೀಕ್ಷೆ ಆಮೇಲೆ. ಕೆಲವೇ ವರ್ಷಗಳಲ್ಲಿ ಬಹುತೇಕ ಕಂಪನಿಗಳು ಮುಳುಗಿ, ಷೇರು ಕೊಂಡವರ ಹಣ ಹೋಯಿತು. ಕೋಲಾರದಲ್ಲೂ ಆರಂಭದಲ್ಲಿ ನಷ್ಟವೇ ಆಗಿತ್ತು. ಹಾಗಾದರೆ ಚಿನ್ನವನ್ನು ಎಲ್ಲಿ ಹುಡುಕಬೇಕು?

ಆ ವರ್ಷಗಳಲ್ಲಿ ಫೂಟ್ ಮೈಸೂರು ಸೀಮೆಯ ಚಿನ್ನದ ಪ್ರದೇಶಗಳನ್ನು ನೋಡಿದರು. 1887ರಲ್ಲಿ ಮತ್ತೆ ಸಮೀಕ್ಷೆ ಮಾಡಿದರು. ನಮ್ಮ ನೆಲದ ಬಹುಭಾಗ ನೈಸ್ ಎಂಬ ಬೂದು ಪಟ್ಟೆಗಳ ಗಟ್ಟಿ ಕಲ್ಲು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೇ ಜಾತಿಯದು. ಇದರ ನಡುವೆ ಅಲ್ಲಲ್ಲಿ ಉದ್ದನೆಯ ಪಟ್ಟಿಗಳಾಗಿ ಕಪ್ಪು, ಹಸಿರು ಬಣ್ಣದ ಶಿಸ್ಟ್ ಕಲ್ಲು ಹಾದುಹೋಗಿದೆ. ಅದು ಪದರ ಪದರವಾಗಿ ಸೀಳುತ್ತದೆ. ಚಿನ್ನವಿರುವ ಬೆಣಚುಕಲ್ಲಿನ ಎಳೆಗಳು ಮುಖ್ಯವಾಗಿ ಈ ಪಟ್ಟಿಗಳಲ್ಲೇ ಇವೆ ಎಂದು ಫೂಟ್ ಗುರುತಿಸಿದರು. ದೂರ ದೂರದಲ್ಲಿರುವ ಈ ಪಟ್ಟಿಗಳೆಲ್ಲ ಒಂದೇ ಕುಟುಂಬವೆಂದು ಹೇಳಿ ಅದಕ್ಕೆ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟರು. 1888ರಲ್ಲಿ ಅದನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ನಮ್ಮ ಧಾರವಾಡದ ಹೆಸರನ್ನು ಹೇಳುತ್ತಾರೆ.

ಕೋಲಾರದ ಪಟ್ಟಿ ಸುಮಾರು 80 ಕಿ.ಮೀ. ಉದ್ದ, ಅಗಲ ಕೆಲವೇ ಕಿ.ಮೀ. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿ ಹರಿದ ಲಾವಾ, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಶಿಸ್ಟ್ ಆಯಿತು. ಅದರ ಬಿರುಕುಗಳಲ್ಲಿ ಹರಿದ ಬಿಸಿನೀರು ಬೆಣಚುಕಲ್ಲನ್ನೂ ಚಿನ್ನವನ್ನೂ ಬಿಟ್ಟುಹೋಯಿತು ಎಂದು ಈಗಿನ ವಿಜ್ಞಾನ ಹೇಳುತ್ತದೆ. ಆ ಎಳೆಗಳನ್ನು ಹಿಂಬಾಲಿಸಿ ಕಾರ್ಮಿಕರು 3 ಕಿ.ಮೀ.ಗಿಂತ ಆಳಕ್ಕೆ ಇಳಿದರು. ಮೊದಲು ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು, ಕೊನೆಗೆ ಸುಮಾರು 3 ಗ್ರಾಂ. ಖರ್ಚು ಆದಾಯವನ್ನು ಮೀರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ, ಸಾವಿರಾರು ಕುಟುಂಬಗಳ ಅನ್ನ ಹೋಯಿತು. ಇದೇ ಶಿಲಾವರ್ಗದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ಇನ್ನೂ ನಡೆಯುತ್ತಿದೆ.

ಫೂಟ್ 1891ರಲ್ಲಿ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದಲ್ಲಿ ದುಡಿದರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು. ನೈಸ್ ಮತ್ತು ಶಿಸ್ಟ್‌ಗಳಲ್ಲಿ ಯಾವುದು ಹಳೆಯದು ಎಂಬ ವಿಷಯದಲ್ಲಿ ಮುಂದೆ ಬಂದವರು ಅವರನ್ನು ಒಪ್ಪಲಿಲ್ಲ, ಆದರೆ ಅವರಿಟ್ಟ ಹೆಸರು ಉಳಿಯಿತು. ಅವರು ಕೂಡಿಸಿದ ಪ್ರಾಚೀನ ವಸ್ತುಗಳು ಮದರಾಸು ಮ್ಯೂಸಿಯಂ ಸೇರಿದವು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು.

ನಾವು ತರಗತಿಯಲ್ಲಿ ಷೇರು, ಬಂಡವಾಳ, ಲಾಭ, ನಷ್ಟ ಎಂದು ಬರೆಯುತ್ತೇವೆ. ಆ ಲೆಕ್ಕಕ್ಕಿಂತ ಮೊದಲು ಯಾರೋ ಒಬ್ಬರು ಬಿಸಿಲಲ್ಲಿ ನಡೆದು ನೆಲ ನೋಡಿರಬೇಕು. ನೋಡದೆ ಹಾಕಿದ ಹಣ ವಯನಾಡಿನಲ್ಲಿ ಏನಾಯಿತೆಂದು ಗೊತ್ತಾಯಿತಲ್ಲ. ಗೆಳೆಯರೇ, ಲಾಲ್‌ಬಾಗಿಗೆ ಹೋದರೆ ಹೂವಿನ ಜೊತೆ ಆ ಬಂಡೆಯನ್ನೂ ಒಮ್ಮೆ ನೋಡಿ ಬನ್ನಿ.