ಗಿಟಾರ್ ನುಡಿಸಲು ಬಾರದ ಗಿಟಾರ್ ಶಿಲ್ಪಿ

ರಾಕ್ ಸಂಗೀತದ ನಾದಕ್ಕೆ ರೂಪ ಕೊಟ್ಟವರಲ್ಲಿ ಲಿಯೋ ಫೆಂಡರ್ ಪ್ರಮುಖರು. ವಿಪರ್ಯಾಸವೆಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಶ್ರುತಿ ಮಾಡಲೂ ತಿಳಿದಿರಲಿಲ್ಲ. ಅವರಿಗಿದ್ದುದು ರಿಪೇರಿ ಮಾಡುವವನ ಕಣ್ಣು ಮತ್ತು ವಾದಕರ ದೂರುಗಳಿಗೆ ಕಿವಿಗೊಡುವ ತಾಳ್ಮೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1909ರ ಆಗಸ್ಟ್ 10ರಂದು ರೈತ ಕುಟುಂಬವೊಂದರಲ್ಲಿ ಫೆಂಡರ್ ಜನಿಸಿದರು. ಬಾಲ್ಯದಲ್ಲೇ ಕಾಯಿಲೆಗೆ ಎಡಗಣ್ಣು ಬಲಿಯಾಯಿತು. ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ, ಮನಸ್ಸು ನೆಟ್ಟಿದ್ದು ರೇಡಿಯೊದಲ್ಲಿ. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಗುಮಾಸ್ತೆ ಕೆಲಸ ಕೈತಪ್ಪಿದಾಗ 600 ಡಾಲರ್ ಸಾಲ ಪಡೆದು, 1938ರಲ್ಲಿ ಫುಲ್ಲರ್ಟನ್ ಪಟ್ಟಣದಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು.

ಕೆಟ್ಟ ಆಂಪ್ಲಿಫೈಯರ್ ಹಿಡಿದು ಅಂಗಡಿಗೆ ಬರುತ್ತಿದ್ದ ವಾದಕರೇ ಅವರ ಗುರುಗಳಾದರು. ಅಂದಿನ ಗಿಟಾರ್‌ಗಳ ಒಡಲು ಟೊಳ್ಳು. ಧ್ವನಿ ಏರಿಸಿದೊಡನೆ ಸ್ಪೀಕರಿನ ಸದ್ದಿಗೆ ಒಡಲೇ ಕಂಪಿಸಿ ಕಿರುಚತೊಡಗುತ್ತಿತ್ತು. ಒಡಲು ಗಟ್ಟಿ ಮರದ್ದಾದರೆ ಈ ಕಾಟ ತಗ್ಗುತ್ತದೆ ಎಂಬುದು ಫೆಂಡರ್‌ಗೆ ಮನವರಿಕೆಯಾಯಿತು. 1950ರಲ್ಲಿ ಎಸ್ಕ್ವೈರ್ ಹಾಗೂ ಬ್ರಾಡ್‌ಕಾಸ್ಟರ್ ಗಿಟಾರ್‌ಗಳು ಮಾರುಕಟ್ಟೆಗೆ ಬಂದವು. ಹೆಸರಿನ ಬಗ್ಗೆ ಮತ್ತೊಂದು ಕಂಪನಿ ತಕರಾರು ತೆಗೆದಿದ್ದರಿಂದ 1951ರಲ್ಲಿ ಬ್ರಾಡ್‌ಕಾಸ್ಟರ್, ಟೆಲಿಕಾಸ್ಟರ್ ಎನಿಸಿಕೊಂಡಿತು.

ನಾದದ ಗುಟ್ಟು

ಇಂಥ ಗಿಟಾರಿನ ಜೀವಾಳ ಪಿಕಪ್. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸಾಧನವದು. ಮೇಲಿನ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕದಲಿ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಕಪ್ ಕುದುರೆಯ ಬಳಿ ಇದ್ದರೆ ನಾದ ಚೂಪು, ಕತ್ತಿನ ಬಳಿ ಇದ್ದರೆ ದುಂಡು, ಮೃದು. ಕುದುರೆಯ ಬಳಿಯ ಪಿಕಪ್ಪನ್ನು ಫೆಂಡರ್ ಓರೆಯಾಗಿ ಕೂರಿಸಿದರು. ಮಂದ್ರದ ತಂತಿಗೆ ತೂಕ, ತಾರದ ತಂತಿಗೆ ಹೊಳಪು ಏಕಕಾಲಕ್ಕೆ ದೊರೆಯಿತು.

1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ಮೂರು ಪಿಕಪ್‌ಗಳಿದ್ದವು. ಸಹೋದ್ಯೋಗಿ ಫ್ರೆಡ್ಡಿ ಟವಾರೆಸ್ ನಕ್ಷೆಗೆ ನೆರವಾದರೆ, ವಾದಕ ಬಿಲ್ ಕಾರ್ಸನ್ ನುಡಿಸಿ ನೋಡಿ ಸಲಹೆ ನೀಡಿದರು. ಪಕ್ಕೆಲುಬಿಗೆ ಚುಚ್ಚದಂತೆ ಒಡಲನ್ನು ಬಾಗಿಸಿ ಕೆತ್ತಲಾಯಿತು. ಅದರ ಸ್ವಿಚ್‌ಗೆ ಇದ್ದುದು ಮೂರೇ ಸ್ಥಾನ. ವಾದಕರು ಅದನ್ನು ನಡುವೆ ನಿಲ್ಲಿಸಿ ಎರಡೆರಡು ಪಿಕಪ್ ಬೆರೆಸಿ ಹೊಸ ನಾದ ಕಂಡುಕೊಂಡರು. ಕಾರ್ಖಾನೆ ಐದು ಸ್ಥಾನಗಳ ಸ್ವಿಚ್ ಅಳವಡಿಸಿದ್ದು 1977ರಲ್ಲಿ! ಆದರೆ ಒಂಟಿ ಸುರುಳಿಯ ಪಿಕಪ್ ಸುತ್ತಲಿನ ವಿದ್ಯುತ್ ಉಪಕರಣಗಳ ಗುಂಯ್‌ಗುಡುವಿಕೆಯನ್ನೂ ಹೀರಿಕೊಳ್ಳುತ್ತಿತ್ತು. ಎದುರಾಳಿ ಗಿಬ್ಸನ್ ಕಂಪನಿಯ ಸೇತ್ ಲವರ್ ಜೋಡಿ ಸುರುಳಿಯ ಹಂಬಕರ್ ಪಿಕಪ್‌ನಿಂದ ಆ ಗದ್ದಲ ಅಡಗಿಸಿದರು. ಅದರ ನಾದ ದಪ್ಪ. ಫೆಂಡರ್ ನಾದದ ಗಾಜಿನಂಥ ಸ್ಪಷ್ಟತೆ ಅದರಲ್ಲಿರಲಿಲ್ಲ.

ಮೆಟ್ಟಿಲುಗಳ ಲೆಕ್ಕ

ವೀಣೆಗೆ ಮೆಟ್ಟಿಲುಗಳಿದ್ದಂತೆ ಗಿಟಾರಿಗೆ ಫ್ರೆಟ್‌ಗಳು. ಫೆಂಡರ್ ಗಿಟಾರ್‌ಗಳಲ್ಲಿ ಮಿಡಿಯುವ ತಂತಿಯ ಉದ್ದ 25.5 ಇಂಚು, ಗಿಬ್ಸನ್‌ನಲ್ಲಿ ಸುಮಾರು 24.75 ಇಂಚು. ಉದ್ದ ಹೆಚ್ಚಿದಷ್ಟೂ ಬಿಗಿ ಹೆಚ್ಚು, ನಾದ ಖಚಿತ. ಬೆರಳಿಗೆ ಮಾತ್ರ ಶ್ರಮ. ಫ್ರೆಟ್‌ಬೋರ್ಡಿಗೆ ಫೆಂಡರ್ ಕೊಟ್ಟ ಬಾಗು 7.25 ಇಂಚು ತ್ರಿಜ್ಯದ್ದು. ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯಲು ಅದು ಹಿತಕರ. ಆದರೆ ಮೇಲಿನ ಸ್ಥಾಯಿಯಲ್ಲಿ ತಂತಿ ಎಳೆದಾಗ ಸ್ವರ ಕಟ್ಟಿಕೊಳ್ಳುತ್ತಿತ್ತು. ಮುಂದಿನ ಪೀಳಿಗೆಯ ಗಿಟಾರ್‌ಗಳಲ್ಲಿ ಈ ಬಾಗು ಕಡಿಮೆಯಾಯಿತು.

ಮೊದಲು ಕತ್ತೂ ಫ್ರೆಟ್‌ಬೋರ್ಡೂ ಒಂದೇ ಮೇಪಲ್ ಮರದ ತುಂಡು. ಕೆಟ್ಟರೆ ತಿರುಪು ಬಿಚ್ಚಿ ಬೇರೆ ಕತ್ತು ಜೋಡಿಸಬಹುದಿತ್ತು. ಬೆರಳ ಉಜ್ಜಾಟಕ್ಕೆ ಮೇಪಲ್‌ನ ಮೆರುಗು ಸವೆದು ಕಪ್ಪಾಗುತ್ತಿದ್ದುದರಿಂದ 1950ರ ದಶಕದ ಕೊನೆಗೆ ಬೀಟೆ ಮರದ ಹಲಗೆ ಬಂತು. ಮೊದಲು ಬ್ರೆಜಿಲ್‌ನ ಬೀಟೆ. ನಂತರ ನಮ್ಮ ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಭಾರತೀಯ ಬೀಟೆ.

1960ರ ದಶಕದ ಆರಂಭದಲ್ಲಿ ಸೋಂಕೊಂದು ಫೆಂಡರ್ ಅವರನ್ನು ಬಿಡದೆ ಕಾಡಿತು. ಹೆಚ್ಚು ದಿನ ಬದುಕುವುದಿಲ್ಲವೆಂದು ನಂಬಿದ ಅವರು 1965ರಲ್ಲಿ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಸಂಸ್ಥೆಗೆ ಮಾರಿದರು. ಬಳಿಕ ವೈದ್ಯರೊಬ್ಬರ ಚಿಕಿತ್ಸೆಯಿಂದ ಗುಣವಾಯಿತು! ಆದರೆ ಸ್ವಂತ ಹೆಸರು ಪರರ ಸೊತ್ತಾಗಿತ್ತು. 1969ರಲ್ಲಿ ವುಡ್‌ಸ್ಟಾಕ್ ವೇದಿಕೆಯಲ್ಲಿ ಜಿಮಿ ಹೆಂಡ್ರಿಕ್ಸ್ ಸ್ಟ್ರಾಟೊಕಾಸ್ಟರ್ ಝೇಂಕರಿಸಿದಾಗ ಆ ಕಾರ್ಖಾನೆ ಫೆಂಡರ್ ಅವರದಾಗಿರಲಿಲ್ಲ.

ಅವರು ಕೈಕಟ್ಟಿ ಕೂರಲಿಲ್ಲ. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್, ಅನಂತರ ಜಿ ಅಂಡ್ ಎಲ್ ಕಂಪನಿಗಳಲ್ಲಿ ಹೊಸ ಪಿಕಪ್‌ಗಳ ಪ್ರಯೋಗ ಮುಂದುವರಿಸಿದರು. ಪಾರ್ಕಿನ್ಸನ್ ಕಾಯಿಲೆ ಆವರಿಸಿದರೂ ಕೆಲಸದ ಮೇಜು ಬಿಡಲಿಲ್ಲ. 1991ರ ಮಾರ್ಚ್ 21ರಂದು 81ನೆಯ ವಯಸ್ಸಿನಲ್ಲಿ ನಿಧನರಾದರು. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರಿಗೆ ಮರಣೋತ್ತರ ಗೌರವ ಸಲ್ಲಿಸಿತು. ಒಂದು ಹಾಡನ್ನೂ ನುಡಿಸದ ಫೆಂಡರ್, ಮಹಾನ್ ವಾದಕರ ಸಾಲಿನಲ್ಲೇ ಸ್ಥಾನ ಪಡೆದರು.